ಗೇಟಿನವರೆಗೆ

"ಒಂದು ಸುತ್ತು ಓಡಿಸಿಕೊಂಡು ಬನ್ನಿ ಬಾಬಾ, ಆಮೇಲೆ ನೀವೇ ಹೇಳ್ತೀರ," ಎನ್ನುತ್ತಾ ಶೋರೂಮಿನ ಹುಡುಗಿ ಕೀ ಚಾಚಿದಳು. ಅನಾಯೆಲಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

ಗಾಜಿನಾಚೆ ದಾರ್ ಎಸ್ ಸಲಾಮಿನ ಬಿಸಿಲು ಕುದಿಯುತ್ತಿತ್ತು. ಒಳಗೆ ಹೊಸ ಟೊಯೊಟಾ, ಇನ್ನೂ ಯಾರೂ ಇಳಿಯದ ಕೊಳದ ಹಾಗೆ ತಣ್ಣಗೆ ಹೊಳೆಯುತ್ತಿತ್ತು. ಅದರ ಬಾಗಿಲಲ್ಲಿ ಅನಾಯೆಲಿಯವರ ಮಗಳು ಐಕಾಂಡೆಗೆ ತನ್ನ ಮುಖ ಕಂಡಿತು, ಪಕ್ಕದಲ್ಲಿ ಅಲ್ಲಿನ ಮಾತಿನಲ್ಲಿ ಬಾಬಾ ಎನ್ನುವ ಅಪ್ಪನದೂ ಕಂಡಿತು. ಅಪ್ಪನ ಮುಖ ಯಾಕೋ ಬಾಗಿಲಿನ ತಿರುವಿನಲ್ಲಿ ಉದ್ದವಾಗಿ ಜಾರಿಹೋಗುತ್ತಿತ್ತು.

"ಸೊನ್ನೆ ಕಿಲೋಮೀಟರು. ಸೀಟಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ ನೋಡಿ," ಎಂದಳು ಹುಡುಗಿ.

"ಅದೇ ನೋಡು ತಾಯಿ, ಆ ಹೊಸ ವಾಸನೆ ನನಗೆ ತಲೆಗೇರ್ತದೆ," ಎಂದವರೇ ಬಾಬಾ ಹೊರಗೆ ನಡೆದುಬಿಟ್ಟರು.

ಇದು ಮೂರನೆಯ ಶೋರೂಮು. ಒಂದರಲ್ಲಿ ಬಣ್ಣ ಹಿಡಿಸಲಿಲ್ಲ, ಇನ್ನೊಂದರಲ್ಲಿ ಬಿಸಿಲು ಜಾಸ್ತಿಯಾಯಿತು. ಯಾಕೆಂದು ಕೇಳುವುದು ಐಕಾಂಡೆಯ ಸ್ವಭಾವವಲ್ಲ.

ಬಾಬಾ ಮೂವತ್ತೊಂದು ವರ್ಷ ಬಂದರಿನಲ್ಲಿ ಚಾಲಕರಾಗಿದ್ದವರು. ಜಪಾನಿನಿಂದ ಬಂದ ಹಡಗಿನ ಹೊಟ್ಟೆಯಿಂದ ಕಾರುಗಳನ್ನು ಹೊರಗೆ ಓಡಿಸಿ ತರುವ ಕೆಲಸ. ಅವರ ಹುಟ್ಟೂರು ಮಚಾಮೆಯ ಬೆಟ್ಟದಲ್ಲಿ ಅವರ ಹೆಸರು ಹೇಳಿದರೆ, "ಓ, ಸಾವಿರಾರು ಕಾರು ಓಡಿಸಿದೋನು," ಎನ್ನುತ್ತಿದ್ದರು. ಆದರೆ ಪ್ರತಿ ಡಿಸೆಂಬರಿನಲ್ಲಿ ಬೆಟ್ಟದ ಮಕ್ಕಳೆಲ್ಲ ತಂತಮ್ಮ ಕಾರುಗಳಲ್ಲಿ ಊರಿಗೆ ಏರಿ ಬರುವಾಗ ಬಾಬಾ ಮಾತ್ರ ಬಸ್ಸಿಳಿದು, ಚೀಲ ಹೊತ್ತು, ಕಾಫಿ ಗಿಡಗಳ ನಡುವೆ ನಡೆದು ಬರುತ್ತಿದ್ದರು. ಹೋದ ವರ್ಷ ದೊಡ್ಡಪ್ಪನ ಅಂಗಳದಲ್ಲಿ ಬಾಳೆಹಣ್ಣಿನ ಮದ್ಯದ ಸೋರೆಬುರುಡೆ ಅವರ ಕೈಗೆ ಬಂದಾಗ ಎದ್ದು ನಿಂತು ಹೇಳಿದ್ದರು: "ಮುಂದಿನ ಸಲ ನನ್ನದೇ ಕಾರು, ನಾನೇ ಓಡಿಸ್ಕೊಂಡು ಬರ್ತೀನಿ." ಬುರುಡೆ ಹಿಡಿದು ಆಡಿದ ಮಾತನ್ನು ಆ ಬೆಟ್ಟದಲ್ಲಿ ಯಾರೂ ವಾಪಸು ನುಂಗುವಂತಿಲ್ಲ. ಅಂದಿನಿಂದ ದೊಡ್ಡಪ್ಪ ವಾರವಾರ ಫೋನು ಮಾಡುತ್ತಾರೆ. "ಹೊಸದೇ ತಗೊಳೋ! ಹಳೇದು ತಂದ್ರೆ, ಹಡಗಿಂದ ಎತ್ಕೊಂಡು ಬಂದ ಅಂತಾರೆ ಜನ!"

ಮಧ್ಯಾಹ್ನ ಅವರು ಶಬಾನಿಯ ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳಕ್ಕೆ ಬಂದರು. ಅದೇ ಕಂಪನಿಯ ಕಾರುಗಳು ಸಾಲಾಗಿ, ಗಾಜಿನ ಮೇಲೆ ಜಪಾನಿ ಅಕ್ಷರದ ಚೀಟಿ ಹೊತ್ತು, ನಿದ್ದೆಗಣ್ಣಲ್ಲಿ ನಿಂತಿದ್ದವು. ಬಾಬಾರ ನಡಿಗೆಯೇ ಬದಲಾಯಿತು. ಒಂದೊಂದರ ಬಾಗಿಲು ತೆಗೆದು ಮೂಸಿದರು. "ಇದರ ಯಜಮಾನ ಸಿಗರೇಟು ಸೇದ್ತಿದ್ದ. ಇದರಲ್ಲಿ ನಾಯಿ ಕೂರ್ತಿತ್ತು. ಇಲ್ನೋಡು ಮಗಳೇ, ಯಾವುದೋ ಮಗು ಕಿಟಕಿಗೆ ಮೀನು ಅಂಟಿಸಿದೆ." ಹಿಂದಿನ ಕಿಟಕಿಯ ಮೂಲೆಯಲ್ಲಿ ಮಾಸಿದ ನೀಲಿ ಮೀನೊಂದು ಈಜುತ್ತಿತ್ತು. ಆ ಮಗು ಈಗ ಎಷ್ಟು ಎತ್ತರ ಬೆಳೆದಿರಬಹುದು ಎಂದುಕೊಂಡಳು ಐಕಾಂಡೆ.

"ಹೆಣ್ಣು ನೋಡೋಕೆ ಬಂದವರ ಹಾಗೆ ನೋಡ್ತಿದೀರಲ್ಲ ಯಜಮಾನ್ರೇ!" ಶಬಾನಿ ನಕ್ಕ.

"ಹೆಣ್ಣು ನೋಡೋದಲ್ಲಪ್ಪ, ಇವನ್ನೆಲ್ಲ ತವರಿಂದ ಇಳಿಸಿಕೊಂಡೋನು ನಾನು."

ಬಾಬಾ ಮೀನಿನ ಕಾರಿಗೆ ಕೂತು ಕೀ ತಿರುಗಿಸಿದರು. ಕಾರಿನೊಳಗಿನ ಯಂತ್ರದಿಂದ ಹೆಣ್ಣು ದನಿಯೊಂದು ಜಪಾನಿ ಭಾಷೆಯಲ್ಲಿ ಮೃದುವಾಗಿ ಏನೋ ಹೇಳಿತು. "ಆಯ್ತಮ್ಮಾ, ಬಂದ್ವಿ," ಎಂದು ಬಾಬಾ ಉತ್ತರಿಸಿದರು. ಆಮೇಲೆ ಆ ಇಕ್ಕಟ್ಟಿನ ಸಾಲಿನಿಂದ ಕಾರನ್ನು ಹಿಂದಕ್ಕೆ ಎಳೆದು, ತಿರುಗಿಸಿ, ಪಕ್ಕದ ಕಾರಿಗೂ ಇದಕ್ಕೂ ನಡುವೆ ಒಂದೇ ಅಂಗೈ ಅಗಲ ಉಳಿಸಿ ಸಾಗಿಸಿದ ಚೆಂದಕ್ಕೆ ಶಬಾನಿ ಬಾಯಿ ಬಿಟ್ಟು ನಿಂತ. "ರಸ್ತೆಗೆ ತಗೊಂಡು ಹೋಗಿ ಯಜಮಾನ್ರೇ! ವಿಮಾನ ನಿಲ್ದಾಣದವರೆಗೂ ಹೋಗಿ ಬನ್ನಿ!"

ಪಕ್ಕದಲ್ಲಿ ಐಕಾಂಡೆ ಕೂತಿದ್ದಳು. ಗೇಟಿನ ಹತ್ತಿರ ಕಾರು ನಿಂತಿತು. ಎದುರಿಗೆ ಲಾರಿಗಳು, ಬಸ್ಸುಗಳು, ಅವುಗಳ ಸಂದಿನಲ್ಲಿ ನುಗ್ಗುವ ಬೈಕುಗಳು. ಒಂದು ನಿಮಿಷವಾಯಿತು, ಎರಡಾಯಿತು. ಬಾಬಾ ಹ್ಯಾಂಡ್ ಬ್ರೇಕು ಎಳೆದರು.

"ಗೇಟು ಬಂತು," ಎಂದರು ಮೆಲ್ಲಗೆ.

"ಹೂಂ ಬಾಬಾ."

"ನನ್ನದು ಇಲ್ಲಿಗೆ ಮುಗೀತದೆ ಮಗಳೇ. ಹಡಗಿನಿಂದ ಬಂದರಿನ ಅಂಗಳಕ್ಕೆ ನಾನೂರು ಮೀಟರು. ನಿಲ್ಸಿ, ಕೀ ಗುಮಾಸ್ತನ ಕೈಗೆ ಕೊಟ್ಟು, ವ್ಯಾನು ಹತ್ತಿ ಮತ್ತೆ ಹಡಗಿಗೆ. ವೇಗದ ಮುಳ್ಳು ಇಪ್ಪತ್ತು ದಾಟಿಲ್ಲ, ಒಂದು ದಿನವೂ. ಲೈಸೆನ್ಸು ಇತ್ತು, ರಸ್ತೆ ಇರಲಿಲ್ಲ." ಗೇಟಿನಾಚೆ ನೋಡುತ್ತಾ ಕೇಳಿದರು, "ಅಣ್ಣನಿಗೆ ಏನಂತ ಹೇಳ್ಲಿ?"

ಹಿಂದಿನಿಂದ ಶಬಾನಿ ಕೂಗುತ್ತಿದ್ದ: "ಏನಾಯ್ತು ಯಜಮಾನ್ರೇ, ನಿದ್ದೆ ಬಂತಾ?"

ಐಕಾಂಡೆ ಇಳಿದಳು. ಕಾರಿನ ಮೂತಿಯನ್ನು ಬಳಸಿ ಆ ಕಡೆ ಬಂದು ಬಾಗಿಲು ತೆಗೆದಳು. "ಸ್ವಲ್ಪ ಆ ಕಡೆ ಹೋಗಿ ಬಾಬಾ."

"ನಿನಗೆ ಬರ್ತದಾ?"

"ಕಾಲೇಜು ಮುಗಿದ ವರ್ಷ ಕಲಿತೆ."

"ಹೇಳಲೇ ಇಲ್ಲ ನೀನು!"

"ನೀವೂ ಹೇಳಲಿಲ್ಲವಲ್ಲ."

ಬಾಬಾ ಅವಳನ್ನು ನೋಡಿದರು. ಆಮೇಲೆ ಒಳಗೊಳಗೇ ನಗುತ್ತಾ ಆಚೆ ಸೀಟಿಗೆ ಸರಿದರು.

ಡಿಸೆಂಬರಿನಲ್ಲಿ ಅದೇ ಮೀನಿನ ಕಾರಿನಲ್ಲಿ, ಐಕಾಂಡೆ ಓಡಿಸುತ್ತಾ, ಬೆಳಕು ಹರಿಯುವ ಮೊದಲೇ ಊರಿಗೆ ಹೊರಟರು. ದಾರಿಯುದ್ದಕ್ಕೂ ಬಾಬಾ ಕಿಟಕಿಗೆ ಕೆನ್ನೆಯಿಟ್ಟು ಕೂತಿದ್ದರು. ಕತ್ತಾಳೆಯ ಹೊಲಗಳು ತಿರುಗಿ ತಿರುಗಿ ಹಿಂದಕ್ಕೆ ಹೋದವು. ಮುಳ್ಳು ಎಂಬತ್ತಕ್ಕೆ ಬಂದಾಗಲೆಲ್ಲ ಅವರು ಅದನ್ನೇ ನೋಡುತ್ತಿದ್ದರು, ಮಕ್ಕಳು ಮಳೆ ನೋಡುವ ಹಾಗೆ. ಸಂಜೆಗೆ ಮೋಡ ಸರಿದು ಬೆಟ್ಟದ ಹಿಮದ ಬಿಳಿ ನೆತ್ತಿ ಕಂಡಿತು. ಮಚಾಮೆಯ ಚರ್ಚಿನ ತಿರುವಿನಲ್ಲಿ ಐಕಾಂಡೆ ಕಾರು ನಿಲ್ಲಿಸಿ ಇಳಿದಳು.

"ಇಲ್ಲಿಂದ ಅಣ್ಣನ ಅಂಗಳಕ್ಕೆ ಎಷ್ಟಿದೆ?" ಬಾಬಾ ಕೇಳಿದರು.

"ನಾನೂರು ಮೀಟರು ಇರಬಹುದು."

ಬಾಬಾ ಚಾಲಕನ ಸೀಟಿಗೆ ಸರಿದರು. ಕೀ ತಿರುಗಿತು. ಆ ಹೆಣ್ಣು ದನಿ ತನ್ನ ಮಾತು ಹೇಳಿತು, ಬಾಬಾ ತಮ್ಮದು ಹೇಳಿದರು. ಬಾಳೆಗಿಡಗಳ ನಡುವೆ ಕಾರು ನಡಿಗೆಯ ವೇಗದಲ್ಲಿ ಏರಿತು. ಅಂಗಳದ ತುಂಬ ಜನ. "ಬಂದ, ಬಂದ! ನೋಡ್ರೋ, ಮದುವೆ ಮೆರವಣಿಗೆ ತರ್ತಿದಾನೆ!" ಎಂದು ದೊಡ್ಡಪ್ಪ ಕೋಲೆತ್ತಿದರು. ಒಬ್ಬರೂ ಅದು ಹೊಸದೋ ಹಳೆಯದೋ ಎಂದು ಕೇಳಲಿಲ್ಲ. ಅಂಗಳದ ಕಾರುಗಳ ಸಾಲಿನ ಕೊನೆಯ ಇಕ್ಕಟ್ಟಿಗೆ ಅದು ಹಿಂಬದಿಯಿಂದ ಜಾರಿ, ದೊಡ್ಡಪ್ಪನ ಕಾರಿನಿಂದ ಅಂಗೈ ಅಗಲ ಬಿಟ್ಟು ನಿಂತದ್ದನ್ನೇ ಉಸಿರು ಹಿಡಿದು ನೋಡುತ್ತಿದ್ದರು.

ಬಾಬಾ ಇಳಿದರು. ಕನ್ನಡಿಗಳನ್ನು ಮಡಚಿದರು. ಮೂವತ್ತೊಂದು ವರ್ಷದ ರೂಢಿಯಂತೆ ಕೀ ಹಿಡಿದ ಕೈಯನ್ನು ಮುಂದಕ್ಕೆ ಚಾಚಿದರು.

ತೆಗೆದುಕೊಳ್ಳಲು ಯಾವ ಗುಮಾಸ್ತನೂ ಬರಲಿಲ್ಲ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಬೆರಳುಗಳು, ಒಂದೊಂದಾಗಿ, ಕೀಯ ಮೇಲೆ ಮುಚ್ಚಿಕೊಂಡವು.