ಯಾರಿಗೂ ನಿಲ್ಲದ ಆಟ

"ನಿಮ್ಮ ಮಾವನಿಗೆ ಎಷ್ಟು ಬೆರಳು ಆಡುತ್ತೆ?" ಎಂದು ಅಂಗಡಿಯಾಕೆ ಕೇಳಿದಾಗ ಸೊಸೆ ಕಣ್ಣರಳಿಸಿದಳು. ರಿಮೋಟು ಕೊಳ್ಳಲು ಬಂದವರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ?

"ಎಡಗೈ ಹೆಬ್ಬೆರಳು ಗಟ್ಟಿಯಾಗಿದೆ. ಮಿಕ್ಕಿದ್ದೆಲ್ಲ ಅಷ್ಟಕ್ಕಷ್ಟೇ."

"ಹೆಬ್ಬೆರಳಿದ್ರೆ ಸಾಕು ಬಿಡಿ, ರಾಜ್ಯ ಆಳಬಹುದು."

ಅಂಗಡಿ ಎಂದರೆ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಮೆಟ್ಟಿಲ ಅಡಿಯಲ್ಲಿದ್ದ ಒಂದು ಗೂಡು. ಗೋಡೆಯ ತುಂಬ ರಿಮೋಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಅಂಗಡಿಯಾಕೆ ಒಂದು ಕನ್ನಡಕವನ್ನು ಮೂಗಿನ ಮೇಲೂ ಇನ್ನೊಂದನ್ನು ನೆತ್ತಿಯ ಮೇಲೂ ಇಟ್ಟುಕೊಂಡಿದ್ದಳು. ಹತ್ತಿರದ್ದಕ್ಕೆ ಒಂದು, ದೂರದ್ದಕ್ಕೆ ಒಂದು. ಸೊಸೆ ಚೀಲದಿಂದ ಮೂರು ರಿಮೋಟು ತೆಗೆದು ಮೇಜಿನ ಮೇಲೆ ಮಲಗಿಸಿದಳು. ಟಿವಿಯದೊಂದು, ಸಿನಿಮಾ ಹಾಕುವ ಪ್ಲೇಯರಿನದೊಂದು, ಸ್ಪೀಕರುಗಳಿಗೆ ದನಿ ಕೊಡುವ ಆಂಪ್ಲಿಫೈಯರಿನದೊಂದು. ಮೂರರ ಕೆಲಸವನ್ನೂ ಮಾಡುವ ಒಂದೇ ಒಂದು ಬೇಕಾಗಿತ್ತು. ಬೆಲೆಯೂ ಕೈಗೆಟುಕುವಂತಿರಬೇಕಾಗಿತ್ತು.

ಮಾವ ಒಂದು ಕಾಲದಲ್ಲಿ ಟಾಕೀಸಿನ ಆಪರೇಟರು. ಗಾಜಿನ ಕಿಂಡಿಯ ಹಿಂದೆ ನಿಂತು ಊರಿಗೆಲ್ಲ ಸಿನಿಮಾ ತೋರಿಸಿದವರು. "ಆಟ ಯಾರಿಗೂ ನಿಲ್ಲಲ್ಲ" ಎನ್ನುವುದು ಅವರ ಒಂದೇ ಜಂಬ. ಟಾಕೀಸಿನ ಯಜಮಾನ ತಡವಾಗಿ ಬಂದಾಗಲೂ ನಿಲ್ಲಿಸಿದವರಲ್ಲ. ತೀರಿಹೋದ ಅತ್ತೆ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು: "ನನಗೆ ಹೆರಿಗೆ ನೋವು ಬಂದು ಹೇಳಿಕಳಿಸಿದ್ರೂ ಈ ಪುಣ್ಯಾತ್ಮ ಕೊನೇ ರೀಲು ಮುಗಿಸಿಯೇ ಬಂದಿದ್ದು. ಅಷ್ಟರಲ್ಲಿ ನಿನ್ನ ಗಂಡ ಹುಟ್ಟಿ, ಅತ್ತು, ಮಲಗಿಯೂ ಆಗಿತ್ತು." ಹೇಳಿ ನಗುತ್ತಿದ್ದರು, ಆದರೆ ಆ ನಗು ಪೂರ್ತಿ ನಗುವಾಗಿರುತ್ತಿರಲಿಲ್ಲ.

ಕೆಲಸ ಬಿಟ್ಟ ಮೇಲೆ ಮಾವ ಹಿಂದಿನ ಕೋಣೆಯನ್ನೇ ಪುಟ್ಟ ಟಾಕೀಸು ಮಾಡಿಕೊಂಡರು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗುವವರೆಗೂ ಅಲ್ಲಿ ಅವರದೇ ದರ್ಬಾರು. ಆಮೇಲೆ ಎಲ್ಲಕ್ಕೂ ಕರೆಯಬೇಕಾಯಿತು. ರಿಮೋಟು ಬದಲಾಯಿಸಲು ಹೋದರೆ ಒಂದು ಕೆಳಗೆ ಬೀಳುತ್ತಿತ್ತು. ಆಂಪ್ಲಿಫೈಯರಿನ ರಿಮೋಟಂತೂ ಎಂದೋ ಸತ್ತಿದೆಯೆಂದು ಮೂಲೆ ಸೇರಿತ್ತು. ದನಿ ಏರಿಸಲು ಯಾರಾದರೂ ಎದ್ದು ಹೋಗಿ ತಿರುಪಬೇಕಿತ್ತು. "ಮಗೂ, ಸ್ವಲ್ಪ ಸೌಂಡು." "ಮಗೂ, ಸ್ವಲ್ಪ ಹಿಂದಕ್ಕೆ." ಒಂದು ಸಂಜೆ ಬಸ್ಸು ಓಡಿಸಿ ದಣಿದು ಬಂದಿದ್ದ ಮಗ ಏಳುವಾಗ ಉಸ್ಸೆಂದ. ಅಷ್ಟೇ. ಮರುದಿನದಿಂದ ಮಾವ ಸಿನಿಮಾ ಬೇಡವೆಂದರು. ಆರಿದ ಟಿವಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು.

ಸೊಸೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ತುತ್ತಿಗೂ ಸ್ನಾನಕ್ಕೂ ಇನ್ನೊಬ್ಬರ ಕೈ ಕಾಯುವ ಮನುಷ್ಯನಿಗೆ ತನ್ನದೇ ಕೈಯಲ್ಲಿರುವಂಥದ್ದು ಒಂದಾದರೂ ಬೇಡವೇ? ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ ಅವಳಿಗೆ ಇದೇ ಯೋಚನೆ.

ಅಂಗಡಿಯಾಕೆ ಮೊದಲು ತೋರಿಸಿದ್ದು ಮುಖವೆಲ್ಲ ಗಾಜಾಗಿದ್ದ ದೊಡ್ಡಸ್ತಿಕೆಯ ರಿಮೋಟು. ಬೆಲೆ ಕೇಳಿ ಸೊಸೆ ಅದನ್ನು ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ ಕೆಳಗಿಟ್ಟಳು.

"ಇದು ನಿಮಗೆ ಬೇಡ," ಎಂದು ಅಂಗಡಿಯಾಕೆಯೇ ಒಪ್ಪಿಕೊಂಡಳು. "ಗುಂಡಿ ಕೈಗೆ ಸಿಗಲ್ಲ, ಕತ್ತಲಲ್ಲಿ ಏನು ಒತ್ತಿದ್ರೋ ದೇವರಿಗೇ ಗೊತ್ತು. ಇದನ್ನ ನೋಡಿ." ಗೂಡಿನ ಒಳಗಿಂದ ಅಂಗೈಯಗಲದ, ದಪ್ಪ ಗುಂಡಿಗಳ ಒಂದು ರಿಮೋಟು ಹೊರಬಂತು. "ಇದಕ್ಕೆ ಹುಟ್ಟಾ ಏನೂ ಗೊತ್ತಿಲ್ಲ. ಕಲಿಸಿದ್ದನ್ನ ಕಲಿಯುತ್ತೆ."

"ಕಲಿಯುತ್ತಾ? ಯಾರು ಕಲಿಸಬೇಕು?"

"ಹಳೇ ರಿಮೋಟು." ಅವಳು ಎರಡನ್ನೂ ಮೂಗಿಗೆ ಮೂಗು ತಾಗುವಂತೆ ಎದುರುಬದುರು ಇಟ್ಟಳು. "ಹೊಸದರ ಒಂದು ಗುಂಡಿ ಒತ್ತಿ, ಹಳೇದರ ಗುಂಡಿ ಒತ್ತಿದ್ರೆ ಆಯ್ತು. ಅದು ಹೇಳುತ್ತೆ, ಇದು ಉರು ಹೊಡೆಯುತ್ತೆ."

"ಗಿಣಿ ಇದ್ದಹಾಗೆ."

"ಗಿಣಿ ಆದ್ರೂ ಎದುರುತ್ತರ ಕೊಡುತ್ತೆ. ಇದು ಕೊಡಲ್ಲ."

ಸೊಸೆಯ ಕುತೂಹಲ ಕೆರಳಿತು. ಯಾರಿಗೂ ಕೇಳದ, ಕಾಣದ ಈ ಮಾತು ಎಂಥದ್ದು? ಅಂಗಡಿಯಾಕೆ ತನ್ನ ಫೋನಿನ ಕ್ಯಾಮೆರಾ ತೆರೆದು ಟಿವಿ ರಿಮೋಟಿನ ಮೂಗಿಗೆ ಹಿಡಿದು ಒತ್ತಿದಳು. ಬರಿಗಣ್ಣಿಗೆ ಏನೂ ಇಲ್ಲ. ಫೋನಿನಲ್ಲಿ ಮಾತ್ರ ನಸುನೇರಳೆ ಬೆಳಕು ಪಟಪಟ ಮಿಟುಕಿತು. "ಅಯ್ಯೋ!" ಎಂದು ಸೊಸೆ ಹುಡುಗಿಯ ಹಾಗೆ ಬಗ್ಗಿ ಮತ್ತೆ ಮತ್ತೆ ಒತ್ತಿಸಿ ನೋಡಿದಳು. ಪ್ಲೇಯರಿನದೂ ಮಿಟುಕಿತು.

"ಇದು ಮಾತ್ರ ಸತ್ತಿದೆ," ಎಂದು ಆಂಪ್ಲಿಫೈಯರಿನದನ್ನು ಮುಂದಿಟ್ಟಳು. ಅಂಗಡಿಯಾಕೆ ಹೊಸ ಬ್ಯಾಟರಿ ಹಾಕಿ ಒತ್ತಿದಳು. ಅದೂ ಮಿಟುಕಿತು, ಮಿಕ್ಕೆರಡಕ್ಕಿಂತ ಜೋರಾಗಿಯೇ.

"ಸತ್ತಿಲ್ಲಮ್ಮ ಇದು, ಗಂಟಲು ಹರಿದುಕೊಳ್ತಾ ಇದೆ. ನಿಮ್ಮ ಆಂಪ್ಲಿಫೈಯರ್ ಡಬ್ಬಕ್ಕೇ ಕಿವುಡೇನೋ. ಹಾಗಿದ್ರೆ ನನ್ನ ಹತ್ರ ಮದ್ದಿಲ್ಲ."

ಸೊಸೆಯ ಉತ್ಸಾಹ ಅರ್ಧಕ್ಕಿಳಿಯಿತು. ಆದರೂ ದಪ್ಪ ಗುಂಡಿಯದನ್ನು ಕೊಂಡಳು.

ಮನೆಯಲ್ಲಿ ಮಾವನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಪಾಠಶಾಲೆ ನಡೆಯಿತು. ಮಾವ ಮೊದಲು ನೋಡದವರಂತೆ ಕೂತಿದ್ದರು. ಮೂಗಿಗೆ ಮೂಗಿಟ್ಟು ಕಲಿಸುವುದನ್ನು ಕಂಡು ಮೆಲ್ಲಗೆ ಕತ್ತು ಇತ್ತ ತಿರುಗಿಸಿದರು. ಟಿವಿ ಹತ್ತಿತು. ಪ್ಲೇಯರು ಓಡಿತು. ಸೊಸೆ ಅವರ ಹೆಬ್ಬೆರಳನ್ನು ದನಿಯ ಗುಂಡಿಯ ಮೇಲಿಟ್ಟಳು. ಅವರು ಒತ್ತಿದರು. ಆಂಪ್ಲಿಫೈಯರು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಒತ್ತಿದರು. ಆಮೇಲೆ ರಿಮೋಟನ್ನು ಮಡಿಲಲ್ಲಿ ಬೋರಲು ಹಾಕಿ ಮುಖ ತಿರುಗಿಸಿಕೊಂಡರು.

"ನಾನು ಬಡ್ಕೊಂಡೆ," ಎಂದ ಬಾಗಿಲಲ್ಲಿ ನಿಂತಿದ್ದ ಗಂಡ. "ಕಾಸಿಗೆ ತಕ್ಕ ಕಜ್ಜಾಯ. ಅಪ್ಪಂಗೆ ಸುಮ್ನೆ ಆಸೆ ಹುಟ್ಟಿಸಿದೆ." ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಅವನ ದನಿಯಲ್ಲಿ. ಆ ಒಂದು ಉಸ್ ಅವನನ್ನೂ ಕೊರೆಯುತ್ತಿತ್ತು.

ಸೊಸೆಗೆ ಅಳು ಬಂದಿತ್ತು. ಅಳುವ ಬದಲು ಡಬ್ಬದ ಮುಂದೆ ಮಂಡಿಯೂರಿದಳು. ಬಟ್ಟೆಯ ಒಳ್ಳೇದು ಕೆಟ್ಟದ್ದನ್ನು ಬೆರಳಲ್ಲೇ ತಿಳಿಯುವವಳು; ಅಭ್ಯಾಸಬಲದಿಂದ ಅದರ ಕಪ್ಪು ಮುಖವನ್ನು ಸವರಿದಳು. ಒಂದು ಕಡೆ ಉಗುರಿಗೆ ಅಂಚು ಸಿಕ್ಕಿತು. ಕಪ್ಪು ಟೇಪು. ಡಬ್ಬದ್ದೇ ಚರ್ಮವೆನ್ನುವಷ್ಟು ನೀಟಾಗಿ ಕತ್ತರಿಸಿ ಅಂಟಿಸಿತ್ತು.

"ಇದೇನು ಮಾವ?"

ಮಾವ ಮಾತನ್ನು ತುಂಡುತುಂಡಾಗಿ ಕೂಡಿಸಿದರು. "ಕೆಂಪು ದೀಪ. ಕಣ್ಣಿಗೆ ಹೊಡೀತಿತ್ತು. ಟಾಕೀಸಲ್ಲಿ ಬೆಳಕು ಸೋರಬಾರದು."

ಟಿವಿಯ ಮೂಲೆಯಲ್ಲೂ ಟೇಪಿತ್ತು, ಪ್ಲೇಯರಿನ ಮೇಲೂ ಇತ್ತು. ಆ ಕೋಣೆಯಲ್ಲಿ ಮಿಣುಕುವ ಒಂದು ದೀಪವನ್ನೂ ಅವರು ಉಳಿಸಿರಲಿಲ್ಲ. ಸೊಸೆ ಹೊಲಿಗೆ ಬಿಚ್ಚುವ ಕೊಕ್ಕೆ ತಂದು ಡಬ್ಬದ ಟೇಪಿನ ಅಂಚು ಎಬ್ಬಿಸಿದಳು. ಕೆಳಗೆ ಕೆಂಪು ದೀಪವಿತ್ತು. ಅದಕ್ಕೆ ಒತ್ತಿಕೊಂಡೇ, ರಿಮೋಟಿನ ಬೆಳಕನ್ನು ಹಿಡಿಯುವ, ಹೆಸರುಕಾಳಿನಷ್ಟು ಗಾತ್ರದ ಕಪ್ಪು ಕಣ್ಣು. ಮಿಕ್ಕೆರಡು ಯಂತ್ರಗಳಲ್ಲಿ ದೀಪ ಒಂದು ಮೂಲೆ, ಕಣ್ಣು ಇನ್ನೊಂದು ಮೂಲೆ. ಹಾಗಾಗಿ ಅವು ಬಚಾವಾಗಿದ್ದವು.

"ಒತ್ತಿ ಮಾವ."

ಒತ್ತಿದರು. ನಾಲ್ಕು ಮೂಲೆಯ ಸ್ಪೀಕರುಗಳಿಂದ ದನಿ ಎದ್ದು ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಮಾವನ ಮುಖದ ಎಡಭಾಗ ಮೊದಲು ಬೆರಗಾಗಿ, ಆಮೇಲೆ ನಕ್ಕಿತು. "ನಾನೇ," ಎಂದರು. "ನಾನೇ ಕಣ್ಣು ಕಟ್ಟಿದ್ದು."

"ಕಟ್ಟಿ, ಪಾಪದ ರಿಮೋಟಿನ ಮೇಲೆ ಗೂಬೆ ಕೂರಿಸಿದ್ರಿ!" ಎಂದ ಮಗ, ನಗುತ್ತ ಒಳಗೆ ಬಂದು ಅಪ್ಪನ ಕಾಲ ಬಳಿ ಕೂತ. ಸೊಸೆ ಟೇಪನ್ನು ಕತ್ತರಿಸಿ ಕಿರಿದು ಮಾಡಿ, ದೀಪವನ್ನು ಮಾತ್ರ ಮುಚ್ಚಿ ಕಣ್ಣನ್ನು ಬಿಟ್ಟಳು. ಮಾವ ಕೋಣೆಯ ಕತ್ತಲನ್ನು ಒಮ್ಮೆ ಪರೀಕ್ಷಿಸಿ ತಲೆಯಾಡಿಸಿದರು. ಆಟ ಸುರುವಾಯಿತು.

ಕತೆ ಬಿಸಿಯೇರುವ ಹೊತ್ತಿಗೆ ಒಲೆಯ ಮೇಲಿಟ್ಟ ಹಾಲು ಸೊಸೆಗೆ ನೆನಪಾಯಿತು. ಬಗ್ಗಿಕೊಂಡೇ ಎದ್ದು ಓಡಿದಳು. ಹಾಲು ಉಕ್ಕಿ ಹರಿದಿತ್ತು. ಒಲೆ ಒರೆಸಿ, ಪಾತ್ರೆ ಬದಲಿಸುವಾಗ ಹಿಂದಿನ ಕೋಣೆ ಸದ್ದಿಲ್ಲದಂತಾಗಿರುವುದು ಗಮನಕ್ಕೆ ಬಂತು. ಮತ್ತೆ ಕೆಟ್ಟಿತೇ? ಒದ್ದೆ ಕೈಯಲ್ಲೇ ಬಂದಳು.

ಪರದೆಯ ಮೇಲೆ ಹುಡುಗಿಯೊಬ್ಬಳು ಮೆಟ್ಟಿಲು ಇಳಿಯಲೆಂದು ಒಂದು ಕಾಲೆತ್ತಿ ಹಾಗೆಯೇ ನಿಂತಿದ್ದಳು. ಗಂಡ ಬಾಯಿ ತೆರೆದು ಅಪ್ಪನನ್ನೇ ನೋಡುತ್ತಿದ್ದ. ಮಾವನ ಹೆಬ್ಬೆರಳು ಆಟ ನಿಲ್ಲಿಸುವ ನಡುವಿನ ದಪ್ಪ ಗುಂಡಿಯ ಮೇಲಿತ್ತು.

"ಕೂತ್ಕೋ," ಎಂದರು ಮಾವ.

ಅವಳು ಕೂತಳು. ಸೆರಗಿಗೆ ಕೈ ಒರೆಸಿಕೊಳ್ಳುವವರೆಗೂ ಅವರು ಕಾದರು. ಆಮೇಲೆ ಎತ್ತಿದ್ದ ಕಾಲು ಮೆಟ್ಟಿಲ ಮೇಲೆ ಇಳಿಯಿತು.