ಮಾದೇವನ ಪಥ್ಯ

ಚಟ್ಟದ ಮುಂದಿನ ಬಿದಿರನ್ನು ಹೆಗಲಿಗೇರಿಸಿಕೊಳ್ಳುತ್ತ ಸತ್ತವನ ಅಣ್ಣ ಹರಿಶ್ಚಂದ್ರ ಗೊಳೋ ಎಂದು ಅತ್ತ. “ಎಷ್ಟ್ ಹಗೂರ ಆಗ್ಬಿಟ್ಯೋ ಮಾದೇವಾ.” ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಮಾದೇವನ ಮಗ ಸುಜಯನಿಗೆ, ತಿರುಗಿ ನಿಂತು ಆ ಕೆಂಡವನ್ನೆಲ್ಲ ದೊಡ್ಡಪ್ಪನ ಬಾಯಿಗೇ ಸುರಿಯೋಣ ಅನ್ನಿಸಿತು.

“ಪೋಲೀಸರಿಗೆ ಮೂರ್ ಜನ ಅಂತ ಹೇಳೂದು, ತನ್ನ ರಿಕ್ಷಾದಲ್ಲಿ ಎಂಟ್ ಜನ ತುಂಬೂದು. ಹಾಂಗಿದ್ದ ಮನಷಾ,” ಎಂದ ಹಿಂದೆ ಹೆಗಲು ಕೊಟ್ಟಿದ್ದ ನೆರೆಮನೆಯ ಕಿಶೋರ.

ಹರಿಶ್ಚಂದ್ರ ಮೂಗೊರೆಸಿಕೊಂಡ. “ಹನ್ನೆರಡ್ನೇ ದಿನ ಎಡೆಗೆ ಬಂಗಡೆ ಮೀನ್ ಹುರದ್ ಇಡ್ಬೇಕು. ಅಂವಂಗೆ ಜೀವ ಅದು.”

ಸುಜಯ ನಿಂತೇಬಿಟ್ಟ. “ಬದಕಿದ್ದಾಗ ಕೊಡ್ಲಿಲ್ಲ. ಈಗ ಕಾಗೆಗೆ ಕೊಡ್ತ್ಯಾ?”

“ಆಗ ನಂಜಾಗ್ತಿತ್ತಲಾ ತಮಾ. ನಡೆ, ದಾರಿ ಮೇಲೆ ಹೆಣ ನಿಲ್ಸೂದಲ್ಲ.”

*

ಕ್ಷಯ ಎರಡು ಸಲ ಬಂದು ಎರಡು ಸಲವೂ ವಾಸಿಯಾಗಿತ್ತು. ರೋಗ ಹೋಗಿತ್ತು, ಎದೆಯನ್ನು ತಿಂದು ಮುಗಿಸಿಯೇ ಹೋಗಿತ್ತು. ಬಾವಿಕಟ್ಟೆಗೆ ಹೋಗುವಷ್ಟರಲ್ಲಿ ಮಾದೇವ ದಾರಿಯಲ್ಲಿ ಕುಕ್ಕರಿಸುತ್ತಿದ್ದ. ರಿಕ್ಷಾ ತೆಂಗಿನ ಮರದ ಬುಡ ಸೇರಿತು, ಮೂಗಿಗೆ ಆಕ್ಸಿಜನ್ ನಳಿಗೆ ಬಂತು. ಕಾರವಾರದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿನವರು ಸುತ್ತಿ ಬಳಸಿ ಮಾತಾಡಲಿಲ್ಲ.

“ಈ ಶ್ವಾಸಕೋಶ ಮುಗೀತು. ತೀರಿಕೊಂಡವರದ್ದು ಸಿಕ್ಕರೆ ಹಾಕಬಹುದು. ಆದರೆ ಇಷ್ಟು ಬಡಕಲು ಮೈ ಆಪರೇಷನ್ ತಡೆಯಲ್ಲ. ಮೀನು, ಮೊಟ್ಟೆ ತಿಂದು ಮೈ ತುಂಬಿಸಿಕೊಂಡು ಬನ್ನಿ. ಆಮೇಲೆ ಸರದಿ ಪಟ್ಟಿಗೆ ಹೆಸರು ಸೇರಿಸೋಣ.”

ತಮ್ಮೂರು ಭಾವಿಕೇರಿಗೆ ಮರಳಿದ್ದೇ ಹರಿಶ್ಚಂದ್ರ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ. “ಎದೆ ಹುಣ್ಣಿಗೆ ಮೀನಾ? ನಂಜೇರಿ ಸಾಯ್ತ. ಗಂಜಿ, ಉಪ್ಪು, ಸುಟ್ಟ ಹಪ್ಪಳ ಸಾಕು. ಈ ಮನೆ ಹಿರಿಯ ನಾನಾ, ಆ ಡಾಕ್ಟರಾ?” ಮಾದೇವನ ಹೆಂಡತಿ ಸುಗಂಧಾ ಹೆದರಿ ಬಾಣಲೆ ಇಳಿಸಿದಳು. ಸುಜಯ ಅಂಕೋಲೆಯಿಂದ ಮೊಟ್ಟೆ ತಂದರೆ ಹರಿಶ್ಚಂದ್ರ ಅದನ್ನು ಅಂಗಳಕ್ಕೆ ಎಸೆದ. “ಏಳ್ನೇ ಕ್ಲಾಸ್ ನಪಾಸಾದಂವ ನಂಗೆ ಕಲಸ್ತ್ಯಾ?”

“ಬಿಡಾ ತಮಾ,” ಎಂದಿದ್ದ ಮಾದೇವ ಏದುತ್ತ. “ಅಣ್ಣ ಬೈತ.”

ಮತ್ತೆ ಬೆಂಗಳೂರಿನಲ್ಲಿ ತೂಗಿದಾಗ ಅವನು ಇನ್ನೂ ಇಳಿದಿದ್ದ. ಹೆಸರು ಪಟ್ಟಿಗೆ ಹತ್ತಲೇ ಇಲ್ಲ.

*

ಸ್ಮಶಾನದ ದಾರಿಯ ತಿರುವಿನಲ್ಲಿ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಕೈಮುಗಿದಳು. “ಮಾದೇವಣ್ಣನಾ? ದಿನಾ ಬೇಲಿ ಹತ್ರ ಕೂತ್ಕಂಡಿ, ಇವತ್ತ್ ಎಂಥಾ ಮೀನೇ ಅಂತ ಕೇಳ್ತಿದ್ದ. ತಕಳ್ಳೂದ್ ಮಾತ್ರ ಇಲ್ಲಾಗಿತ್ತು.”

ಸುಜಯ ಬಗ್ಗಿ ಒಂದು ಬಂಗಡೆ ಎತ್ತಿಕೊಂಡ. ಅವಳು ಬೇಡ ಅನ್ನಲಿಲ್ಲ.

ಸ್ಮಶಾನದಲ್ಲಿ ಎಲ್ಲರೂ ಹೆಣದ ಬಾಯಿಗೆ ಅಕ್ಕಿ ಹಾಕಿದ ಮೇಲೆ ಅವನು ಆ ಮೀನನ್ನು ಅಪ್ಪನ ತುಟಿಗೆ ತಾಗಿಸಿ ಇಟ್ಟ.

“ತೆಗಿಯಾ ಅದ,” ಹರಿಶ್ಚಂದ್ರ ಕೈ ಚಾಚಿದ. “ಚಿತೆ ಮೇಲೆ ಮೀನ್ ಇಡೂದು ಯಾರ್ ಕಂಡದ್ರು?”

“ಮುಟ್ಟಿ ನೋಡು.” ಕೊಳ್ಳಿ ಸುಜಯನ ಕೈಯಲ್ಲಿತ್ತು. “ನಿಂಗೂ ಹಚ್ತೆ.”

ಕಿಶೋರ ನಡುವೆ ಬಂದ. “ಬಿಡಾ ಹರಿಶ್ಚಂದ್ರಣ್ಣ. ಇನ್ನ್ ನಂಜಾಗೂಕೆ ಅಂವನಲ್ಲಿ ಎಂತಾ ಉಳದದೆ?”

ಬೆಂಕಿ ಹತ್ತಿತು. ಹೊತ್ತು ನೆತ್ತಿಗೇರಿತ್ತು, ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಕಡಲ ಗಾಳಿ ಬೀಸಿ, ಬಂಗಡೆ ಸುಡುವ ಘಮ ನಿಂತವರ ಮುಖಕ್ಕೆ ಬಂದು ಬಡಿಯಿತು. ಎಲ್ಲರೂ ನೆಲ ನೋಡಿದರು. ಹರಿಶ್ಚಂದ್ರನ ಗಂಟಲಗಂಟು ಒಮ್ಮೆ ಮೇಲೇರಿ ಕೆಳಗಿಳಿಯಿತು. ಬಾಯಲ್ಲಿ ಊರಿದ ನೀರನ್ನು ಅವನು ಸದ್ದಾಗದಂತೆ ನುಂಗಿಕೊಂಡ.