ಹನಮವ್ವನ ಗುಡ್ ಫ್ರೈಡೆ

1968ರ ಮೇ 6, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಜವಾನ ಸಂಗಣ್ಣ ತನ್ನ ಅಕ್ಕ ಪರಸವ್ವನನ್ನು ನನ್ನ ಮೇಜಿನ ಮುಂದೆ ತಂದು ನಿಲ್ಲಿಸಿದ. ಹದಿನೇಳು ದಿನಗಳ ಹಿಂದೆ, ಏಪ್ರಿಲ್ 19ರಂದು, ವಿಜಾಪುರದ ಒಂದು ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಯಂತ್ರದ ಬೆಲ್ಟಿಗೆ ಜಡೆ ಸಿಕ್ಕಿ ಆಕೆಯ ಮಗಳು ಹನಮವ್ವ ಸತ್ತಿದ್ದಳು. ಕೆಲಸಕ್ಕೆ ಸೇರಿ ಅದು ಎರಡನೆಯ ದಿನ.

ಜಡೆ ಇಳಿಬಿಟ್ಟುಕೊಂಡು ಬಂದದ್ದು ಹುಡುಗಿಯದೇ ತಪ್ಪು ಎಂದು ಗಿರಣಿಯವರು ತನಿಖೆಯಲ್ಲಿ ಬರೆಸಿದ್ದರು. ಹದಿನಾಲ್ಕು ತುಂಬದವರನ್ನು ಕಾಯ್ದೆಯ ಪ್ರಕಾರ ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ. ಅವಳಿಗೆ ಅಷ್ಟು ತುಂಬಿರಲಿಲ್ಲವೆಂದು ತೋರಿಸಿದರೆ ತಪ್ಪು ಗಿರಣಿಯದಾಗುತ್ತಿತ್ತು. ಬಬಲೇಶ್ವರದ ಶಾಲೆಯ ದಾಖಲೆಯಲ್ಲಿ 1-6-1954 ಎಂದಿತ್ತು. ವರ್ಷದ ಬಗ್ಗೆ ಯಾರದೂ ತಕರಾರಿರಲಿಲ್ಲ. ತಾರೀಖನ್ನು ಮಾತ್ರ ತನಿಖಾಧಿಕಾರಿ ಒಪ್ಪಲಿಲ್ಲ. ಅದೇ ಪುಟದಲ್ಲಿ ಇನ್ನೂ ಇಪ್ಪತ್ತೊಂದು ಮಕ್ಕಳು ಅದೇ ದಿನ ಹುಟ್ಟಿದ್ದರು.

“ಮಾಸ್ತರ ಲೆಕ್ಕದಾಗ ಅರ್ಧ ಬಬಲೇಶ್ವರ ಜೂನ್ ಒಂದಕ್ಕ ಹುಟ್ಟೇತ್ರಿ, ಸರ,” ಎಂದ ಸಂಗಣ್ಣ. “ನಾನೂ ಅವತ್ತ ಹುಟ್ಟೇನಿ.”

ಪರಸವ್ವ ಹೆತ್ತದ್ದು ತಿಕೋಟಾದ ಒಂದು ಖಾಸಗಿ ದವಾಖಾನೆಯಲ್ಲಿ. ಅದು ಮುಚ್ಚಿ ವರ್ಷಗಳಾಗಿದ್ದವು. ಅಂದು ಉಪವಾಸವಿದ್ದ ಕ್ರೈಸ್ತ ನರ್ಸ್, ಇವತ್ತು ಗುಡ್ ಫ್ರೈಡೆ, ನಮ್ಮ ದೇವರು ಸತ್ತ ದಿನ ಎಂದದ್ದು ಆಕೆಗೆ ನೆನಪಿತ್ತು.

ಹಿಂದಿನ ಬೇಸಿಗೆಯಲ್ಲಿ ಮುಂಬಯಿಗೆ ಗಣಕಯಂತ್ರದ ತರಬೇತಿಗೆ ಹೋದಾಗ ನಾನು ಅಭ್ಯಾಸಕ್ಕೆಂದು ಈಸ್ಟರ್ ಹಬ್ಬದ ತಾರೀಖು ಕಂಡುಹಿಡಿಯುವ ಸೂತ್ರವನ್ನು ಫೋರ್ಟ್ರಾನ್ ಎಂಬ ಯಂತ್ರಭಾಷೆಯಲ್ಲಿ ಬರೆದಿದ್ದೆ. ಚಂದ್ರನನ್ನು ಅನುಸರಿಸುವ ಆ ಹಬ್ಬದ ತಾರೀಖು ವರ್ಷವರ್ಷವೂ ಬದಲಾಗುತ್ತದೆ; ಗುಡ್ ಫ್ರೈಡೆ ಅದಕ್ಕಿಂತ ಎರಡು ದಿನ ಮುಂಚೆ. ಯಂತ್ರ ಅಚ್ಚು ಮಾಡಿಕೊಟ್ಟ ನೂರು ವರ್ಷಗಳ ಪಟ್ಟಿ ಕಪಾಟಿನಲ್ಲಿತ್ತು. 1954ರ ಗುಡ್ ಫ್ರೈಡೆ: ಏಪ್ರಿಲ್ 23. ಅಂದರೆ ಹನಮವ್ವನಿಗೆ ಹದಿನಾಲ್ಕು ತುಂಬಲು ಇನ್ನೂ ನಾಲ್ಕು ದಿನ ಬೇಕಿತ್ತು. ಆ ತಾರೀಖಿಗೆ ಕಾಲೇಜಿನ ಪತ್ರ ಸಾಕೆಂದು ತನಿಖಾಧಿಕಾರಿ ಹೇಳಿದ್ದರಂತೆ. ಬರೆಯಲು ಕುಳಿತೆ.

ಪರಸವ್ವ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು. ಆ ಮುಂಜಾನೆ ಮಗಳ ಜಡೆಯನ್ನು ತಾನೇ ಎತ್ತಿ ಕಟ್ಟಿದ್ದನ್ನು, ಆ ಮಾತನ್ನು ಯಾರೂ ಬರೆದುಕೊಳ್ಳದ್ದನ್ನು ಹೇಳಿದಳು. ಆಮೇಲೆ ಸ್ವಲ್ಪ ಹಗುರಾದವಳಂತೆ ಹೆರಿಗೆಯ ಮಾತು ತೆಗೆದಳು.

“ಕೂಸು ಹುಟ್ಟಿ ಮೂರನೇ ದಿನಕ್ಕ ದವನದ ಹುಣ್ಣಿವಿ ಬಂತರಿ. ನಮ್ಮವ್ವ ಹೋಳಿಗಿ ಕಟಗೊಂಡ ಬಂದಿದ್ದಳು. ನರ್ಸಬಾಯಿ ತಿನ್ನಾಕ ಬಿಡಲಿಲ್ಲ.”

ತಾಳೆ ನೋಡುವುದು ನನ್ನ ಅಭ್ಯಾಸ. ಗ್ರಂಥಾಲಯದಿಂದ ಆ ವರ್ಷದ ಪಂಚಾಂಗ ತರಿಸಿದೆ. ದವನದ ಹುಣ್ಣಿಮೆ, ಅಂದರೆ ಚೈತ್ರದ ಹುಣ್ಣಿಮೆ, ಏಪ್ರಿಲ್ 18ಕ್ಕಿತ್ತು; 23ಕ್ಕೆ ಹುಟ್ಟಿದ ಕೂಸಿಗೆ ಅದು ಮೂರನೆಯ ದಿನವಾಗಲಾರದು. ಸೂತ್ರವನ್ನು ಕೈಯಿಂದ ಬಿಡಿಸಿದೆ. ಅದಕ್ಕೆ ಎರಡು ವಿನಾಯಿತಿಗಳಿವೆ. ಅಪರೂಪಕ್ಕೆ ಬರುವ ಆ ವರ್ಷಗಳಲ್ಲಿ ಉತ್ತರವನ್ನು ಒಂದು ವಾರ ಹಿಂದಕ್ಕೆ ಸರಿಸಬೇಕು. ಸಾಲಿಗೊಂದರಂತೆ ತೂತು ಹೊಡೆದು ಯಂತ್ರಕ್ಕೆ ಕೊಡುವ ಕಾರ್ಡುಗಳು ಉಳಿಯಲೆಂದು ನಾನು ಆ ಸಾಲುಗಳನ್ನೇ ಬಿಟ್ಟಿದ್ದೆ. 1954 ಅಂಥದೊಂದು ವರ್ಷ. ಗುಡ್ ಫ್ರೈಡೆ ಬಂದದ್ದು 23ಕ್ಕಲ್ಲ, 16ಕ್ಕೆ.

ಸಂಗಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ಪಂಚಾಂಗವನ್ನು ಮುಚ್ಚಿಟ್ಟ.

“ಪಂಚಾಂಗ ಯಾರೂ ಕೇಳಿಲ್ರಿ, ಸರ. ಮಶೀನ ಹೇಳಿದ್ದು ಬರದ ಕೊಡ್ರಿ.”

ನಾನು ಮೊದಲಿನ ಪತ್ರವನ್ನು ಹರಿದೆ. ಪರಸವ್ವ ಎದ್ದು ನಿಂತಳು.

“ಯಾಕ್ರಿ ಸರ, ನಾ ಏನರ ತಪ್ಪ ಹೇಳಿದೆನೇನ್ರಿ?”

“ಇಲ್ಲವ್ವಾ, ನೀ ಖರೇನ ಹೇಳಿದಿ. ತಪ್ಪ ನಂದೈತಿ.”

ಆಕೆಗೆ ಓದಲು ಬರುತ್ತಿರಲಿಲ್ಲ. ಎರಡನೆಯ ಪತ್ರವನ್ನು ನಾನು ಬರೆದು ಮುಗಿಸುವವರೆಗೂ ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. ಹುಟ್ಟಿದ್ದು 16 ಏಪ್ರಿಲ್ 1954. ಮರಣದ ದಿನ ವಯಸ್ಸು 14 ವರ್ಷ 3 ದಿನ.